ಕೋಲು ನಿಮ್ಮದೇ, ನೀರು ಯಾರದು?

ಎರಡಡಿ ಉದ್ದದ ಗಾಳದ ಕೋಲು ಹಿಡಿದುಕೊಂಡು ಕಣ್ವ ಜಲಾಶಯದ ದಡಕ್ಕೆ ಬರುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಅವರ ಮೇಲಲ್ಲ, ಅದನ್ನು ಅವರಿಗೆ ಮಾರಿದವರ ಮೇಲೆ. ಆ ಕೋಲು ನಮ್ಮ ಕೆರೆಗೆ ಮಾಡಿದ್ದೇ ಅಲ್ಲ. ಮಿನ್ನೆಸೋಟಾದಲ್ಲೋ ಕೆನಡಾದಲ್ಲೋ ಚಳಿಗಾಲಕ್ಕೆ ಸರೋವರ ಹೆಪ್ಪುಗಟ್ಟಿದಾಗ, ಮಂಜುಗಡ್ಡೆಯಲ್ಲಿ ಗೇಣಗಲದ ತೂತು ಕೊರೆದು, ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತು ನೇರ ಕೆಳಕ್ಕೆ ದಾರ ಇಳಿಬಿಡುತ್ತಾರಲ್ಲ, ಅವರ ಕೋಲು ಅದು. ಅಲ್ಲಿ ದಾರ ಎಸೆಯುವ ಮಾತೇ ಇಲ್ಲ. ತೂತು ಕಾಲ ಬುಡದಲ್ಲೇ ಇರುವಾಗ ಉದ್ದದ ಕೋಲು ತಗೊಂಡು ಏನ್ ಮಾಡೋದು? ಎರಡು ಮೂರು ಅಡಿ ಸಾಕು. ಚಳಿಗೆ ಮಂಕಾದ ಮೀನು ಮೆಲ್ಲಗೆ ಮುಟ್ಟಿದರೂ ಕಾಣಲಿ ಅಂತ ತುದಿ ಮೆತ್ತಗಿರುತ್ತದೆ. ಅಲ್ಲಿಗೆ ಅದು ಬುದ್ಧಿವಂತ ಕೋಲು. ಇಲ್ಲಿ ಅದನ್ನೇ ಆನ್‌ಲೈನಿನಲ್ಲಿ ‘ಮಿನಿ ರಾಡ್’ ಅಂತ ಮಾರುತ್ತಾರೆ. ದಡದ ಜೊಂಡು ದಾಟಿಸೋಕೂ ಆಗಲ್ಲ ಅದರಲ್ಲಿ.

ಇದು ಅಗ್ಗದ ಮಾಲಿನ ಕತೆ. ದುಬಾರಿ ಮಾಲಿನ ಕತೆ ಇದಕ್ಕಿಂತ ಬೇರೆಯೇನಲ್ಲ. ಈಚೆಗೆ ‘ಕಸ್ಟಮ್ ರಾಡ್’ ಅನ್ನೋದು ಶುರುವಾಗಿದೆ. ನಿಮಗೆ ಬೇಕಾದ ಹಾಗೆ ಕಟ್ಟಿಕೊಡ್ತೀವಿ ಅಂತಾರೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ನಾನೂ ವಿಚಾರಿಸಿದೆ. ಅವರು ಕೇಳಿದ್ದು ಮೂರೇ ಪ್ರಶ್ನೆ: ಯಾವ ಬಣ್ಣ ಸಾರ್, ಹೆಸರು ಏನಂತ ಬರೆಸೋಣ, ಬಜೆಟ್ ಎಷ್ಟು. ಯಾವ ನೀರಿಗೆ ಅಂತ ಕೇಳಲಿಲ್ಲ. ಯಾವ ಮೀನಿಗೆ ಅಂತಲೂ ಕೇಳಲಿಲ್ಲ. ನನ್ನ ಮೊಣಕೈಯಿಂದ ಅಂಗೈವರೆಗೆ ಎಷ್ಟುದ್ದ ಅಂತಂತೂ ಕೇಳಲೇ ಇಲ್ಲ. ಅಳತೆಯನ್ನೇ ತೆಗೆಯದ ದರ್ಜಿ ಅಂಗಿಯ ಜೇಬಿನ ಮೇಲೆ ನಿಮ್ಮ ಹೆಸರು ಕಸೂತಿ ಮಾಡಿಕೊಟ್ಟರೆ ಅದನ್ನು ಹೊಲಿಸಿದ ಅಂಗಿ ಅಂತೀರಾ?

ಗಾಳದ ಕೋಲಿನ ಮೊದಲ ಅಳತೆ ಇರೋದು ನೀರಿನಲ್ಲಿ. ನಮ್ಮ ತಾಲ್ಲೂಕುಗಳ ನೀರೇ ತಗೊಳ್ಳಿ. ಚನ್ನಪಟ್ಟಣದ ಕಣ್ವ 1946ರಷ್ಟು ಹಳೆಯ ಜಲಾಶಯ. ಇಂಥ ನೀರಿನ ದಡದಲ್ಲಿ ಕೂತು ಜಿಲೇಬಿ, ಗೆಂಡೆ ಹಿಡಿಯುವವನಿಗೆ ರೀಲೇ ಬೇಕಾಗಿಲ್ಲ. ಹತ್ತು ಹನ್ನೆರಡು ಅಡಿಯ ಕೋಲು, ಅಷ್ಟೇ ಉದ್ದದ ದಾರ, ಬೆಂಡು, ಎರೆಹುಳು ಇದ್ದರೆ ಸಾಕು. ಕಾಟ್ಲಾ, ರೋಹು ಬೇಕು, ದೂರ ಎಸೀಬೇಕು ಅಂದರೆ ರೀಲ್ ಇರುವ ಎಂಟಡಿ ಆಸುಪಾಸಿನ, ನಡುವಿನವರೆಗೂ ಬಾಗುವ ಕೋಲು. ಅದು ಬಾಗಿದಷ್ಟೂ ಮೀನಿನ ಎಳೆತ ದಾರದ ಮೇಲೆ ಬೀಳೋದು ತಪ್ಪುತ್ತದೆ. ಕೊರವ ಬೇಕು ಅಂದರೆ ಲೆಕ್ಕ ತಲೆಕೆಳಗು. ಅದು ಇರೋದೇ ಕಳೆ, ಜೊಂಡಿನೊಳಗೆ. ಕಚ್ಚಿದ ತಕ್ಷಣ ಎಳೆದು ಹೊರಗೆ ತರದಿದ್ದರೆ ಬೇರಿಗೆ ಸುತ್ತಿಕೊಳ್ಳುತ್ತದೆ. ಅದಕ್ಕೆ ಬುಡ ಗಟ್ಟಿಯಿರುವ, ಏಳಡಿ ಒಳಗಿನ ಕೋಲು. ಒಂದೇ ಕೋಲಿನಲ್ಲಿ ಈ ಮೂರೂ ಆಗುತ್ತೆ ಅಂತ ಯಾರಾದರೂ ಹೇಳಿದರೆ, ಆ ಅಂಗಡಿಯಿಂದ ಎದ್ದು ಬನ್ನಿ.

ಮಾಗಡಿ ಕಡೆಯ ಮಂಚನಬೆಲೆಗೆ ಇನ್ನೊಂದು ಅಳತೆ. ಅಲ್ಲಿ ನೀರಿಗಿಳಿದು ಪ್ರಾಣ ಕಳೆದುಕೊಂಡವರ ಸುದ್ದಿಯನ್ನು ಮತ್ತೆ ಮತ್ತೆ ಓದಿದ್ದೇವೆ. ಅಂಥ ಕಡೆ ನಿಮ್ಮನ್ನು ಮೊಣಕಾಲುದ್ದ ನೀರಿಗೆ ಎಳೆಯುವ ಗಿಡ್ಡ ಕೋಲು ಬರೀ ತಪ್ಪು ಕೋಲಲ್ಲ, ಅಪಾಯದ ಕೋಲು. ಇನ್ನು ಬಿಡದಿ ಪಕ್ಕದ ಬೈರಮಂಗಲ. ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ನೀರನ್ನೂ ಹೊತ್ತು ವೃಷಭಾವತಿ ಬಂದು ತುಂಬುವ ಕೆರೆ ಅದು. ಅದೇ ನೀರು ಮುಂದೆ ಅರ್ಕಾವತಿ ಸೇರಿ ಕನಕಪುರದ ಹಾರೋಬೆಲೆಗೂ ಹೋಗುತ್ತದೆ. ಆ ಕೆರೆಗೆ ಯಾವ ಕೋಲು ಒಳ್ಳೇದು ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ: ಕೋಲು ತಗೋಬೇಡಿ, ಆ ನೊರೆಯನ್ನು ಯಾಕೆ ಬಿಟ್ಟಿರಿ ಅಂತ ಕೇಳೋಕೆ ಅರ್ಜಿ ಬರೆಯಿರಿ.

‘ನನ್ನ ಹವ್ಯಾಸ, ನನ್ನ ದುಡ್ಡು, ನಿಮಗೇನ್ರೀ?’ ಅಂತ ಕೇಳಬಹುದು. ಸರಿ, ನಿಮ್ಮ ದುಡ್ಡಿನ ಮಾತೇ ಆಡೋಣ. ಕೋಲು ಕೊಳ್ಳುವ ಮುಂಚೆ ಅಂಗಡಿಯಲ್ಲೇ ರೀಲ್ ಹಾಕಿಸಿ, ಬಳೆಗಳೊಳಗೆ ದಾರ ಪೋಣಿಸಿ, ತುದಿಗೆ ಹಗುರವಾದ ಒಂದು ತೂಕ ಕಟ್ಟಿ ನಿಧಾನಕ್ಕೆ ಎತ್ತಿಸಿ. ಪಕ್ಕದಿಂದ ನೋಡಿ. ಕೋಲು ಬಾಗಿದ ಹಾಗೆ ದಾರವೂ ಅದರ ಜೊತೆಗೇ ಬಾಗಿ ಬರಬೇಕು. ಎರಡು ಬಳೆಗಳ ನಡುವೆ ದಾರ ಕೋಲಿಗೆ ಉಜ್ಜಿದರೆ ಬಳೆ ಕಡಿಮೆ ಹಾಕಿದ್ದಾರೆ, ಇಲ್ಲವೇ ತಪ್ಪು ಜಾಗದಲ್ಲಿ ಕಟ್ಟಿದ್ದಾರೆ. ಹತ್ತಿ ತಗೊಂಡು ಬಳೆಯೊಳಗೆ ಒಮ್ಮೆ ಒರೆಸಿ. ಎಳೆ ಸಿಕ್ಕಿಕೊಂಡರೆ ದಾರವೂ ನಾಳೆ ಅಲ್ಲೇ ಕತ್ತರಿಸುತ್ತದೆ. ರೀಲ್ ಸಮೇತ ಕೋಲನ್ನು ಒಂದು ಬೆರಳ ಮೇಲೆ ನಿಲ್ಲಿಸಿ. ಕೈ ಹಿಡಿಯುವ ಜಾಗದ ಹತ್ತಿರ ತೂಗಿದರೆ ಸಂಜೆಯವರೆಗೂ ಮಣಿಕಟ್ಟು ನೋಯಲ್ಲ. ಈ ಪರೀಕ್ಷೆಗಳಿಗೆ ಐದು ನಿಮಿಷ ಬೇಕು. ಮಾಡಿಸೋಕೆ ಬಿಡದ ಅಂಗಡಿಯವನ ಕೋಲಿಗೆ ಚಿನ್ನದ ಅಕ್ಷರದಲ್ಲಿ ಹೆಸರು ಬರೆಸಿದರೂ ಅಷ್ಟೇ.

ಇನ್ನೊಂದು ಮಾತು. ಕಾರ್ಬನ್ ಕೋಲಿನಲ್ಲಿ ಕರೆಂಟ್ ಹರಿಯುತ್ತದೆ. ನಮ್ಮ ಕೆರೆ ಏರಿಗಳ ಪಕ್ಕ ಪಂಪ್‌ಸೆಟ್ಟಿನ ತಂತಿಗಳು ಎಷ್ಟು ತಗ್ಗಿನಲ್ಲಿ ಜೋತಾಡುತ್ತವೆ ಅಂತ ಇಲ್ಲಿಯವರಿಗೆ ಗೊತ್ತು. ಒದ್ದೆಯಾದ ಬಿದಿರೂ ಸುರಕ್ಷಿತವಲ್ಲ. ಗುಡುಗಿದಾಗ, ತಂತಿ ಕೆಳಗೆ ನಿಂತಾಗ, ಕೋಲು ಎತ್ತಬೇಡಿ. ಕಾರ್ಬನ್ ಮಾರುವವರು ಇದನ್ನೂ ಬಾಯಿಬಿಟ್ಟು ಹೇಳಬೇಕು.

ನಿಜವಾದ ಕಸ್ಟಮ್ ಕೋಲು ಬೇಕಿದ್ದರೆ ಅದರ ಸಾಮಾನೆಲ್ಲ ಈ ಸೀಮೆಯಲ್ಲೇ ಇದೆ. ಬಲಿತ, ಒಳಗೆ ಟೊಳ್ಳು ಕಡಿಮೆ ಇರುವ ಬಿದಿರನ್ನು ಬಿದಿರಿನ ಕೆಲಸದವರ ಹತ್ತಿರ ಆರಿಸಿ ತಗೊಳ್ಳಿ, ಕಾಡಿಗೆ ನುಗ್ಗಿ ಕಡಿಯಬೇಡಿ. ನೆರಳಲ್ಲಿ ಒಣಗಿಸಿ, ಬೆಂಕಿಯ ಶಾಖ ತೋರಿಸಿ ಡೊಂಕು ತೆಗೆದು, ಎಣ್ಣೆ ಕುಡಿಸಿ. ಹಿಡಿ ಚನ್ನಪಟ್ಟಣದಲ್ಲಿ ಆಗಲಿ. ಹಾಲೆ ಮರವನ್ನು ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಕಡೆಯುವ ಕೈಗಳು ಅಲ್ಲಿವೆ. ನಿಮ್ಮ ಅಂಗೈ ಅಳತೆ ಕೊಡಿ. ಅರಗಿನ ಹೊಳಪು ಮಾತ್ರ ಒದ್ದೆ ಕೈಗೆ ಜಾರುತ್ತದೆ, ಅದರ ಮೇಲೆ ದಾರ ಸುತ್ತಿಸಿ. ಬಳೆ ಕಟ್ಟೋಕೆ ರೇಷ್ಮೆ ದಾರ. ಇದು ನನ್ನ ಊರಿನ ಅಭಿಮಾನದ ಮಾತಲ್ಲ. ನೈಲಾನ್ ಬರುವ ಮುಂಚೆ ಯುರೋಪಿನವರೂ ಕೋಲಿಗೆ ಬಳೆ ಕಟ್ಟುತ್ತಿದ್ದದ್ದು ರೇಷ್ಮೆಯಲ್ಲೇ. ಸ್ಪೇನಿನ ಮುರ್ಸಿಯಾದಲ್ಲಿ ರೇಷ್ಮೆ ಹುಳುವಿನ ಗ್ರಂಥಿಯನ್ನೇ ಎಳೆದು ಗಾಳದ ತುದಿ ದಾರ ಮಾಡುತ್ತಿದ್ದರು. ಏಷ್ಯಾದಲ್ಲೇ ದೊಡ್ಡದೆನ್ನುವ ರೇಷ್ಮೆ ಗೂಡಿನ ಮಾರುಕಟ್ಟೆ ರಾಮನಗರದಲ್ಲಿರುವಾಗ, ಹೊರಗಿನಿಂದ ತರಿಸಿದ ದಾರದ ಬಣ್ಣ ಆರಿಸುತ್ತಾ ಕೂರೋದು ಯಾಕೆ? ಬಿದಿರು ಕಾರ್ಬನ್ನಿಗಿಂತ ತೂಕ, ಹುಳು ಬೀಳದ ಹಾಗೆ ನೋಡಿಕೊಳ್ಳಬೇಕು, ನಿಜ. ಆದರೆ ಮುರಿದರೆ ಇಲ್ಲೇ ರಿಪೇರಿ ಆಗುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಕೊಳ್ಳಬಾರದ ಕೋಲು ಒಂದಿದೆ. ಅದನ್ನೇ ಈಗ ಜಾಸ್ತಿ ಆಸೆ ತೋರಿಸಿ ಮಾರುತ್ತಾರೆ: ‘ಕಾವೇರಿ ಮಹಶೀರ್ ಸ್ಪೆಷಲ್’. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಹಶೀರ್ ಕತೆ ಹೇಳಿ ಮಾರುತ್ತಾರೆ. ಕನಕಪುರದಿಂದ ಸಂಗಮಕ್ಕೆ ಹೋಗಿ, ಬೇಯಿಸಿದ ರಾಗಿ ಹಿಟ್ಟಿನ ಉಂಡೆ ಗಾಳಕ್ಕೆ ಚುಚ್ಚಿ ಕೂತವರ ಕತೆಯನ್ನೂ ಸೇರಿಸುತ್ತಾರೆ. ಆ ಕಾಲ ಮುಗಿಯಿತು. 1987ರಿಂದ ಅದು ಕಾವೇರಿ ವನ್ಯಧಾಮ. ಅಲ್ಲಿ ಗಾಳ ಹಾಕುವುದೂ ಬೇಟೆಯೇ ಎಂದಾಗಿ ಗಾಲಿಬೋರೆ, ಭೀಮೇಶ್ವರಿಯ ಕ್ಯಾಂಪುಗಳಲ್ಲಿ ಗಾಳ ನಿಂತು ವರ್ಷಗಳೇ ಆದವು. ಆ ಡುಬ್ಬದ ಮಹಶೀರಿಗೆ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು. ಗಾಳದವರು ನದಿಯಲ್ಲಿದ್ದಾಗ ಡೈನಮೈಟ್ ಹಾಕುವವರು ದೂರವಿರುತ್ತಿದ್ದರು ಅನ್ನೋ ವಾದದಲ್ಲಿ ಹುರುಳಿದೆ. ಆ ವಾದವನ್ನು ಸರ್ಕಾರದ ಮುಂದೆ, ಕೋರ್ಟಿನ ಮುಂದೆ ಮಾಡಿ. ಕತ್ತಲಲ್ಲಿ ಕೋಲು ಬಚ್ಚಿಟ್ಟುಕೊಂಡು ಹೋಗಿ ಮಾಡಬೇಡಿ.

ಕೆರೆಗಳಿಗೂ ಯಜಮಾನರಿದ್ದಾರೆ ಸ್ವಾಮಿ. ಮೀನುಗಾರರ ಸಹಕಾರ ಸಂಘವೋ ಗುತ್ತಿಗೆದಾರನೋ ದುಡ್ಡು ಕಟ್ಟಿ, ಮರಿ ಬಿಟ್ಟು, ಅವು ದೊಡ್ಡದಾಗಲಿ ಅಂತ ಕಾಯುತ್ತಿರುತ್ತಾರೆ. ತೆಪ್ಪದಲ್ಲಿ ಬಲೆ ಎಳೆಯುವವನ ವರ್ಷದ ಅನ್ನ ಅದು. ಸಾವಿರಾರು ರೂಪಾಯಿ ಕೋಲು ಹಿಡಿದು ಬಂದವನು ‘ಅಣ್ಣ, ಇಲ್ಲಿ ಗಾಳ ಹಾಕಬಹುದಾ?’ ಅಂತ ಒಂದು ಮಾತು ಕೇಳದಿದ್ದರೆ, ಅವನಿಗೂ ಬಲೆ ಕದಿಯುವವನಿಗೂ ದೊಡ್ಡ ವ್ಯತ್ಯಾಸ ನನಗೆ ಕಾಣಲ್ಲ. ಆದ್ದರಿಂದ ಮೊದಲು ಆ ಅಣ್ಣನನ್ನು ಕೇಳಿ. ಆಗಲಿ ಅಂದರೆ ಯಾವ ಮೀನಿದೆ, ದಡ ಹೇಗಿದೆ, ಆಳ ಎಷ್ಟು ಅಂತಲೂ ಅವನನ್ನೇ ಕೇಳಿ. ಅವನು ಹೇಳಿದ್ದನ್ನು ಬರೆದುಕೊಂಡು ಆಮೇಲೆ ಅಂಗಡಿಗೆ ಹೋಗಿ. ಬೇಡ ಅಂದರೆ ಕೋಲಿನ ದುಡ್ಡು ಉಳಿಯಿತು.