ನಾಲ್ಕೂ ಚಕ್ರ ದುಡಿದರೆ ಸಾಕೆ?

ಕೆಸರಿನಲ್ಲಿ ಹೂತ ಕಾರನ್ನು ನೀವೂ ನೋಡಿರುತ್ತೀರಿ. ಚಾಲಕ ಆಕ್ಸಿಲರೇಟರ್ ಒತ್ತಿದಷ್ಟೂ ಒಂದು ಚಕ್ರ ಗಿರ್ರನೆ ತಿರುಗಿ ಕೆಸರು ಎರಚುತ್ತದೆ. ಕಾರು ಮಾತ್ರ ಕದಲುವುದಿಲ್ಲ. ಏಕೆ?

ತಿರುವಿನಲ್ಲಿ ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಹೆಚ್ಚು ದೂರ ಉರುಳಬೇಕು. ಇದಕ್ಕೆ ಅವಕಾಶ ಕೊಡುವ ಹಲ್ಲುಚಕ್ರಗಳ ಜೋಡಣೆಯೇ ಡಿಫರೆನ್ಷಿಯಲ್. ಅದು ಎರಡು ಚಕ್ರಗಳಿಗೂ ಸಮಾನ ಬಲ ಹಂಚುತ್ತದೆ. ಹಿಡಿತ ತಪ್ಪಿದ ಚಕ್ರವನ್ನು ತಿರುಗಿಸಲು ಅಲ್ಪ ಬಲ ಸಾಕು. ಗಟ್ಟಿ ನೆಲದ ಮೇಲಿರುವ ಅದರ ಜೊತೆಗಾರನಿಗೂ ಅಷ್ಟೇ ದಕ್ಕುತ್ತದೆ!

ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವುದು ಇದಕ್ಕೊಂದು ಉಪಾಯ. ಜೀಪುಗಳ ಈ ಗುಣವನ್ನು ಜಪಾನಿನ ಸುಬಾರು ಕಂಪನಿ 1972ರಲ್ಲೇ ತನ್ನ ಲಿಯೋನ್ ವ್ಯಾಗನ್ನಿಗೆ ಅಳವಡಿಸಿತು. (ಸುಬಾರು ಎಂದರೆ ನಮ್ಮ ಕೃತ್ತಿಕಾ ನಕ್ಷತ್ರಪುಂಜ.) 1994ರಲ್ಲಿ ನ್ಯೂಯಾರ್ಕ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಔಟ್‌ಬ್ಯಾಕ್ ಇದೇ ವಂಶದ್ದು. ಮನೆಮಂದಿಯೆಲ್ಲ ಕೂರಬಹುದು, ಕಾಡುದಾರಿಯಲ್ಲೂ ಸಾಗಬಹುದು.

ಇಂಥ ವಾಹನವನ್ನು ತೂಗಿ ನೋಡುವುದು ಹೇಗೆ? ಮೊದಲು ಕೆಳಗೆ ಬಗ್ಗಿ ನೋಡಿ. 2010ರ ನಂತರದ ಅಮೆರಿಕದ ಔಟ್‌ಬ್ಯಾಕ್‌ಗಳಲ್ಲಿ ನೆಲಕ್ಕೂ ತಳಕ್ಕೂ ಸುಮಾರು 22 ಸೆಂ.ಮೀ. ಅಂತರವಿದೆ. ಕಲ್ಲು ತಳಕ್ಕೆ ತಗುಲಿ ಕಾರು ಕುಳಿತರೆ ನಾಲ್ಕು ಚಕ್ರಗಳಿದ್ದೂ ಪ್ರಯೋಜನವಿಲ್ಲ. ಎರಡನೆಯದು, ಚಕ್ರ ಜಾರಿದಾಗ ಏನಾಗುತ್ತದೆ ಎಂಬುದು. ಈಚಿನ ಮಾದರಿಗಳಲ್ಲಿ ಕಂಪ್ಯೂಟರ್ ಜಾರುವ ಚಕ್ರಕ್ಕಷ್ಟೇ ಬ್ರೇಕ್ ಹಾಕುತ್ತದೆ. ಆಗ ಅದನ್ನು ತಿರುಗಿಸಲು ಹೆಚ್ಚು ಬಲ ಬೇಕಾಗಿ, ಜೊತೆಯ ಚಕ್ರಕ್ಕೂ ಅಷ್ಟು ಬಲ ಸಿಗುತ್ತದೆ. ಮೂರನೆಯದು ಖರ್ಚು. ನಾಲ್ಕೂ ಟೈರುಗಳು ಹೆಚ್ಚುಕಡಿಮೆ ಸಮನಾಗಿ ಸವೆದಿರಬೇಕು. ಒಂದೇ ಹೊಸ ಟೈರು ಹಾಕಿದರೆ ಅದರ ಸುತ್ತಳತೆ ಬೇರೆಯಾಗಿ, ಒಳಗಿನ ಯಂತ್ರಭಾಗಗಳು ಬಿಡುವಿಲ್ಲದೆ ಸವೆಯುತ್ತವೆ.

ಇನ್ನು ಎಲ್ಲಕ್ಕಿಂತ ಮುಖ್ಯ ಮಾತು. ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಗಳಿಗೆ ಇದ್ದೇ ಇದೆ. ಆದ್ದರಿಂದ ನಾಲ್ಕು ಚಕ್ರಗಳ ಶಕ್ತಿ ಹೊರಡಲು, ಹತ್ತಲು ನೆರವಾದೀತೇ ಹೊರತು ನಿಲ್ಲಲು ಅಲ್ಲ. ಒದ್ದೆ ರಸ್ತೆಯಲ್ಲಿ, ಹಿಮದಲ್ಲಿ ಕಾರನ್ನು ನಿಲ್ಲಿಸುವುದು ಟೈರಿನ ಹಿಡಿತ ಮತ್ತು ಚಾಲಕನ ವಿವೇಕ. ಸಲೀಸಾಗಿ ಹೊರಟ ಕಾರು ರಸ್ತೆ ಜಾರುತ್ತಿದೆಯೆಂಬ ಸುಳಿವನ್ನೇ ಮರೆಮಾಚುತ್ತದೆ. ಅಪಾಯವಿರುವುದು ಅಲ್ಲೇ.

ಹೊಸದಾಗಿ ಲೈಸೆನ್ಸ್ ಪಡೆದ ಮಗನಿಗೋ ಮಗಳಿಗೋ ಕೀಲಿಕೈ ಕೊಡುವ ಮುನ್ನ ತಂದೆತಾಯಿಗಳು ಈ ಒಂದು ಪ್ರಶ್ನೆ ಕೇಳಲಿ: ‘ಈ ಕಾರು ಬೇಗ ನಿಲ್ಲುತ್ತದೆಯೇ?’ ಸರಿಯುತ್ತರ ಬಂದರೆ ಕೀಲಿಕೈ ಕೊಡಬಹುದು.