ಚಿಪ್ ಮಾಡೋದು ಅಂದ್ರೆ ಚಿತ್ರಾನ್ನ ಕಲಸಿದ ಹಾಗಲ್ಲ ಸ್ವಾಮಿ!

"ಒಂದು ಸರ್ವರ್ ಪ್ರಾಸೆಸರ್ ಮಾಡೋಕೆ ಐದು ವರ್ಷ ಬೇಕಾ? ನಾವು ಎರಡು ವಾರಕ್ಕೊಂದು ರಿಲೀಸ್ ಕೊಡ್ತೀವಪ್ಪ" ಅಂತ ನಮ್ಮ ಸಾಫ್ಟ್‌ವೇರ್ ಮಂದಿ ಮೂಗು ಮುರಿಯೋದು ಕೇಳಿ ಕೇಳಿ ಸಾಕಾಗಿದೆ. ಜೊತೆಗೆ "ಎರಡೇ ವರ್ಷದಲ್ಲಿ ಸ್ವದೇಶಿ ಸರ್ವರ್ ಚಿಪ್ ಬರಬೇಕು" ಅನ್ನೋ ವೀರಾವೇಶ ಬೇರೆ.

ನಮ್ಮ ಕೋಡಲ್ಲಿ ತಪ್ಪಿದ್ರೆ ರಾತ್ರಿ ಕೂತು ಪ್ಯಾಚ್ ಹಾಕ್ತೀವಿ. ಸಿಲಿಕಾನ್‌ನಲ್ಲಿ ತಪ್ಪಿದ್ರೆ? ಮೈಕ್ರೋಕೋಡ್‌ನಲ್ಲಿ ತೇಪೆ ಹಚ್ಚೋಕಾಗದೇ ಇದ್ರೆ ಹೊಸ ಮಾಸ್ಕ್ ಮಾಡಿಸಬೇಕು, ಫ್ಯಾಬ್ ಮುಂದೆ ತಿಂಗಳುಗಟ್ಟಲೆ ಕಾಯಬೇಕು, ಬಂದದ್ದನ್ನ ಮತ್ತೆ ಪರೀಕ್ಷೆಗೆ ಕೂರಿಸಬೇಕು. 1994ರಲ್ಲಿ ಬಯಲಾದ ಪೆಂಟಿಯಂ ಭಾಗಾಕಾರದ ತಪ್ಪಿಗೆ ಇಂಟೆಲ್ ತೆತ್ತಿದ್ದು 47.5 ಕೋಟಿ ಡಾಲರ್! ಸರ್ವರ್ ಚಿಪ್ ಆದ್ರಂತೂ ಬ್ಯಾಂಕು, ರೈಲ್ವೆ ಎಲ್ಲಾ ಅದರ ಮೇಲೇ ಓಡೋದು. ಹಾಗಾಗಿ ವೆರಿಫಿಕೇಶನ್‌ನವರು ವರ್ಷಗಟ್ಟಲೆ ತಲೆ ಕೆಡಿಸಿಕೊಳ್ತಾರೆ. ಅದು ಸೋಮಾರಿತನ ಅಲ್ಲ.

ಎಎಮ್‌ಡಿ ಝೆನ್ ಕೆಲಸ ಹಿಡಿದದ್ದು 2012ರ ಹೊತ್ತಿಗೆ, ಅದರ ಎಪಿಕ್ ಸರ್ವರ್ ಚಿಪ್ ಬಂದದ್ದು 2017ರಲ್ಲಿ. ಇಂಟೆಲ್‌ನ ಸಫೈರ್ ರಾಪಿಡ್ಸ್ 2021ಕ್ಕೆ ಅಂತ ಹೇಳಿ, ಮುಂದಕ್ಕೆ ಹೋಗಿ ಹೋಗಿ, 2023ರ ಜನವರಿಯಲ್ಲಿ ಬಿಡುಗಡೆ ಆಯ್ತು. ಐವತ್ತು ವರ್ಷದ ಅನುಭವ ಇದ್ದೋರ ಕತೆ ಇದು!

ನಮ್ಮೂರಿನ ಕತೆ ಇನ್ನೂ ಚೆನ್ನಾಗಿದೆ. ಇಂಟೆಲ್‌ನ ಬೆಂಗಳೂರು ತಂಡ ಒಂದು ಜಿಯಾನ್ ಮೇಲೆ ಕೆಲಸ ಮಾಡ್ತಿತ್ತು. ಹೆಸರೇ 'ವೈಟ್‌ಫೀಲ್ಡ್'. (ಈಗಿನ ಟ್ರಾಫಿಕ್ ನೋಡಿದ್ರೆ, ನಿಧಾನಕ್ಕೆ ಸರಿಯಾದ ಹೆಸರು ಅಂತೀರೇನೋ!) ನಾಲ್ಕು ಕೋರು, ಜೊತೆಗೆ ಹೊಚ್ಚ ಹೊಸ ಇಂಟರ್‌ಕನೆಕ್ಟು. 2005ರಲ್ಲಿ ಅದನ್ನ ರದ್ದು ಮಾಡಿದರು. ವರ್ಷಗಟ್ಟಲೆ ದುಡಿದ ಇಂಜಿನಿಯರುಗಳ ಕೈಗೆ ಒಂದು ಚಿಪ್ಪೂ ಬರಲಿಲ್ಲ. ಇವತ್ತಿನ ವೀರರು ಆಗ ಇದ್ದಿದ್ರೆ "ದಂಡ ಖರ್ಚು, ಅಂಗಡಿ ಮುಚ್ಚಿ" ಅಂತಿದ್ರು.

ಮುಚ್ಚಲಿಲ್ಲ. 2008ರಲ್ಲಿ ಅದೇ ಬೆಂಗಳೂರಿನಿಂದ ಡನಿಂಗ್‌ಟನ್ ಬಂತು. ಆರು ಕೋರು, 190 ಕೋಟಿ ಟ್ರಾನ್ಸಿಸ್ಟರು. ವೈಟ್‌ಫೀಲ್ಡ್‌ಗೆ ಸುರಿದ ವರ್ಷಗಳನ್ನ ಯಾವ ಖಾತೆಗೆ ಬರೀತೀರಿ? ನನ್ನ ಪ್ರಕಾರ ಅದು ಫೀಸು. ಸರ್ವರ್ ಚಿಪ್ ಮಾಡೋದನ್ನ ಯಾವ ಕಾಲೇಜೂ ಕಲಿಸಲ್ಲ, ನಾನು ಓದಿದ್ದಂತೂ ಖಂಡಿತ ಇಲ್ಲ.

ಸ್ವದೇಶಿ ಚಿಪ್ ನನಗೂ ಬೇಕು ಮಾರಾಯ್ರೆ. ಹಾಗಾದ್ರೆ ಹತ್ತು ವರ್ಷದ ದುಡ್ಡು ಮೊದಲೇ ಎತ್ತಿಡಿ. ಮೊದಲನೇ ಚಿಪ್ ಕೆಟ್ಟರೆ ಬಯ್ಯಿರಿ, ಆದ್ರೆ ತಂಡ ಮುರೀಬೇಡಿ. ಅದೇ ಜನರ ಕೈಗೆ ಎರಡನೇದು ಕೊಡಿ, ಮೂರನೇದೂ ಕೊಡಿ. ಅಷ್ಟು ತಾಳ್ಮೆ ಇಲ್ದಿದ್ರೆ ಸುಮ್ನೆ ಅಂಗಡಿಯಿಂದ ತಂದು ಹಾಕಿಕೊಳ್ಳಿ, ಯಾರೂ ಬೇಡ ಅನ್ನಲ್ಲ.