ಹಾಡಿನ ತೂಕ, ಗಾಯಕನ ಪಾಲು

ಕಾಯಕ ಮಾಡಿದವನಿಗೆ ಅದರ ನ್ಯಾಯವಾದ ಫಲ ಸಲ್ಲಬೇಕೆಂಬುದು ಶರಣರು ನಡೆದಾಡಿದ ಈ ನೆಲಕ್ಕೆ ಹೊಸ ವಿಚಾರವಲ್ಲ. ಬೀದರಿನ ಗಾಂಧಿ ಗಂಜಿಗೆ ತೊಗರಿ, ಹೆಸರು, ಉದ್ದು ತರುವ ರೈತನು ಇದನ್ನು ಚೆನ್ನಾಗಿ ಬಲ್ಲನು. ಅವನ ಮಾಲು ಅವನ ಕಣ್ಣೆದುರಿನಲ್ಲಿಯೇ ತೂಕಕ್ಕೆ ಬರುತ್ತದೆ. ದರವೆಷ್ಟು, ಹಮಾಲಿಯೆಷ್ಟು, ಕೈಗೆ ಬರುವುದೆಷ್ಟು ಎಂಬುದನ್ನು ಅಡತಿ ಅಂಗಡಿಯ ಚೀಟಿ ಹೇಳುತ್ತದೆ. ದರ ಇಳಿಯಿತೆಂದು ಆತ ಕೊರಗಬಹುದು. ಆದರೆ ಲೆಕ್ಕ ಕೇಳುವ ಹಕ್ಕು ಅವನಿಗುಂಟು. ಆ ಹಕ್ಕು ತಾನಾಗಿ ಬಂದುದಲ್ಲ. 1966ರ ಕೃಷಿ ಮಾರುಕಟ್ಟೆ ಕಾಯಿದೆಯಂತಹ ಕಟ್ಟುಪಾಡುಗಳು ಅದರ ಬೆನ್ನಿಗಿವೆ.

ಹಾಡನ್ನೇ ಬೆಳೆಯಾಗಿ ಬೆಳೆಯುವ ಕಲಾವಿದನಿಗೆ ಇಂತಹ ಚೀಟಿ ದೊರೆಯುತ್ತಿದೆಯೆ? ಇಂದು ಸಂಗೀತವು ತಟ್ಟೆಯ ರೂಪದಲ್ಲಾಗಲಿ ಕ್ಯಾಸೆಟ್ಟಿನ ರೂಪದಲ್ಲಾಗಲಿ ಮಾರಾಟವಾಗುವುದು ವಿರಳ. ಸ್ಪಾಟಿಫೈ, ಜಿಯೋಸಾವನ್ ಮೊದಲಾದ ಅಂತರ್ಜಾಲ ಸಂಸ್ಥೆಗಳ ಮೂಲಕ ಅದು ನೇರವಾಗಿ ಮೊಬೈಲಿಗೆ ಹರಿದು ಬರುತ್ತದೆ. ಇದರಿಂದಾದ ಉಪಕಾರವನ್ನು ಅಲ್ಲಗಳೆಯಲಾಗದು. ಮಲ್ಲಿಕಾರ್ಜುನ ಮನ್ಸೂರ, ಸಿದ್ಧರಾಮ ಜಂಬಲದಿನ್ನಿಯವರಂತಹ ಹಿರಿಯರ ವಚನಗಾಯನದ ಪರಂಪರೆ ಔರಾದದ ಹಳ್ಳಿಯಲ್ಲಿರುವವನಿಗೂ ಅಮೆರಿಕೆಯಲ್ಲಿ ನೆಲೆಸಿದ ಕನ್ನಡಿಗನಿಗೂ ಏಕಕಾಲಕ್ಕೆ ಎಟುಕುವಂತಾಗಿದೆ. ಬಂದ ಆದಾಯದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಹಕ್ಕುದಾರರಿಗೆ ಕೊಡುತ್ತಿರುವುದಾಗಿ ಸ್ಪಾಟಿಫೈ ಹೇಳುತ್ತದೆ. ಆದುದರಿಂದ ಇವರೆಲ್ಲರೂ ಸುಲಿಗೆಗಾರರೆಂದು ದೂಷಿಸುವುದು ಸರಿಯಾಗದು. ದೋಷವಿರುವುದು ಹಂಚುವ ರೀತಿಯಲ್ಲಿ.

ಕೇಳುಗರ ಹಣವೆಲ್ಲ ಒಂದೇ ರಾಶಿಗೆ ಬೀಳುತ್ತದೆ. ಯಾವ ಹಾಡು ಎಷ್ಟು ಸಲ ಕೇಳಲ್ಪಟ್ಟಿತೆಂಬುದರ ಮೇಲೆ ರಾಶಿ ಪಾಲಾಗುತ್ತದೆ. ಉದಾಹರಣೆಗೆ, 10 ಜನರು ತಲಾ 100 ರೂಪಾಯಿ ಚಂದಾ ಕೊಟ್ಟರೆನ್ನೋಣ. ಅವರಲ್ಲಿ 9 ಜನರು ತಲಾ 100 ಸಲ ಚಿತ್ರಗೀತೆಗಳನ್ನು ಕೇಳಿದರು; ಉಳಿದ ಒಬ್ಬರು 10 ಸಲ ವಚನಗಳನ್ನು ಮಾತ್ರ ಕೇಳಿದರು. ಹಂಚಿಕೆಗೆ ಬರುವ ಸುಮಾರು 666 ರೂಪಾಯಿಗಳಲ್ಲಿ ವಚನದ ಪಾಲಿಗೆ ಸಿಗುವುದು 7 ರೂಪಾಯಿ ಚಿಲ್ಲರೆ. ವಚನವನ್ನಷ್ಟೇ ಕೇಳಿದವರ ಹಣದಿಂದ ಪಾಲಾಗಬೇಕಾಗಿದ್ದ 66 ರೂಪಾಯಿಗಳಲ್ಲಿ ಹೆಚ್ಚಿನದು ಅವರು ಕೇಳದ ಹಾಡಿಗೆ ಹೋಗುತ್ತದೆ. ಒಬ್ಬ ರೈತನ ಚೀಲವನ್ನು ಮತ್ತೊಬ್ಬನ ರಾಶಿಗೆ ಸುರಿದರೆ ಗಂಜಿನಲ್ಲಿ ಯಾರೂ ಸುಮ್ಮನಿರಲಾರರು.

ಇದರ ಮೇಲೆ 2024ರಿಂದ ಸ್ಪಾಟಿಫೈ ಇನ್ನೊಂದು ನಿಯಮ ತಂದಿದೆ. ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಲ್ಪಡದ ಹಾಡಿನ ಧ್ವನಿಮುದ್ರಣಕ್ಕೆ ಹಣವೇ ಇಲ್ಲ. ಆ ಮೊತ್ತ ತೀರ ಅಲ್ಪವೆಂಬುದು ಸಂಸ್ಥೆಯ ಸಮರ್ಥನೆ. ಆದರೆ ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಚಿಕ್ಕವರ ಹನಿಗಳೆಲ್ಲ ಸೇರಿ ದೊಡ್ಡವರ ಹಳ್ಳಕ್ಕೆ ಹರಿಯುವುದನ್ನು ನ್ಯಾಯವೆನ್ನುವುದು ಕಷ್ಟ. ಪ್ರತಿಯೊಬ್ಬ ಕೇಳುಗನ ಹಣವನ್ನು ಅವನು ಕೇಳಿದವರಿಗೇ ಹಂಚುವ ಪದ್ಧತಿಯನ್ನು ಸೌಂಡ್‌ಕ್ಲೌಡ್ ಸಂಸ್ಥೆ 2021ರಲ್ಲಿ ಆರಂಭಿಸಿತು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದು ಈ ಉದ್ಯಮವನ್ನು ಬುಡದಿಂದ ತಿದ್ದಬೇಕೆಂದು ವರದಿಯಿತ್ತಿತು. ಅಂದಮೇಲೆ ಬೇರೆ ದಾರಿಯೇ ಇಲ್ಲವೆಂಬ ಮಾತು ನಿಲ್ಲುವುದಿಲ್ಲ.

ಅಂತರ್ಜಾಲ ಸಂಸ್ಥೆ ಕೊಟ್ಟ ಹಣವೂ ಮೊದಲು ಸೇರುವುದು ಬಹುಮಟ್ಟಿಗೆ ಧ್ವನಿಮುದ್ರಣ ಕಂಪನಿಯನ್ನು. ಕ್ಯಾಸೆಟ್ಟಿನ ಕಾಲದಲ್ಲಿ ಒಂದು ಗಂಟು ಹಣ ಪಡೆದು ಸರ್ವಹಕ್ಕನ್ನೂ ಬರೆದುಕೊಡುವುದು ವಾಡಿಕೆಯಾಗಿತ್ತು. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯಿದೆಯ ಮೇರೆಗೆ ಗೀತರಚನಕಾರರೂ ಸ್ವರಸಂಯೋಜಕರೂ ತಮ್ಮ ಗೌರವಧನದ ಹಕ್ಕನ್ನು ಕಂಪನಿಗಳಿಗೆ ಬಿಟ್ಟುಕೊಡಲು ಬರುವುದಿಲ್ಲ. ವಾಣಿಜ್ಯ ಬಳಕೆಯಲ್ಲಿ ಗಾಯಕರಿಗೂ ಗೌರವಧನ ಸಲ್ಲಬೇಕು. ವಚನಗಳ ಮಾತು ಯಾರ ಸ್ವತ್ತೂ ಅಲ್ಲ, ಅದು ಲೋಕಕ್ಕೆ ಸೇರಿದ್ದು. ಆದರೆ ಅದಕ್ಕೆ ಹೊಸದಾಗಿ ಧಾಟಿ ಹಾಕಿದವನ ಹಾಗೂ ಕೊರಳು ಕೊಟ್ಟವನ ದುಡಿಮೆ ಲೋಕದ ಪುಕ್ಕಟೆ ಸ್ವತ್ತಲ್ಲ. ಈ ಭೇದವನ್ನು ಅರಿಯದೆ ಅನೇಕ ಕಲಾವಿದರು ತಮ್ಮ ಪಾಲನ್ನು ಕಳೆದುಕೊಳ್ಳುತ್ತಾರೆ.

ಭಕ್ತಿಯಿಂದ ಹಾಡುವವನಿಗೆ ಹಣವೇಕೆ ಎಂದು ಕೆಲವರು ಕೇಳುವುದುಂಟು. ಜಾತ್ರೆಯಲ್ಲಿ, ಶಿವಾನುಭವ ಗೋಷ್ಠಿಯಲ್ಲಿ ಹಣ ಮುಟ್ಟದೆ ಹಾಡುವುದು ಗಾಯಕನ ದಾಸೋಹ. ದಾಸೋಹವಾದರೋ ಕೊಡುವವನು ಮನಸಾರೆ ಕೊಡುವಂತಹುದು. ಅವನ ಹಾಡಿನಿಂದ ಇತರರು ಗಳಿಸಿ ಅವನಿಗೆ ಲೆಕ್ಕವನ್ನೂ ತೋರಿಸದಿದ್ದರೆ ಅದನ್ನು ದಾಸೋಹವೆಂದು ಕರೆಯಲು ಬಾರದು.

ಈ ದಿಸೆಯಲ್ಲಿ ಮಠಗಳೂ ಅವುಗಳ ವಿದ್ಯಾಸಂಸ್ಥೆಗಳೂ ಮೇಲ್ಪಂಕ್ತಿ ಹಾಕಬಹುದು. ಅಂಧ ಮಕ್ಕಳಿಗೂ ಅನಾಥರಿಗೂ ಸಂಗೀತವನ್ನೇ ಜೀವನೋಪಾಯವಾಗಿ ಕಲಿಸಿದ ಗದುಗಿನ ವೀರೇಶ್ವರ ಪುಣ್ಯಾಶ್ರಮ ಇಂತಹ ಕಾಳಜಿಗೆ ಹಳೆಯ ನಿದರ್ಶನ. ಶಾಲೆಯ ಸಂಗೀತ ಶಿಕ್ಷಕರ ಅಥವಾ ಹಳೆಯ ವಿದ್ಯಾರ್ಥಿಗಳ ಗಾಯನವನ್ನು ಮುದ್ರಿಸಿ ಅಂತರ್ಜಾಲಕ್ಕೆ ಕೊಡುವಾಗ ಸ್ವರಸಂಯೋಜಕರ, ಗಾಯಕರ, ತಬಲಾ ಹಾಗೂ ಹಾರ್ಮೋನಿಯಂ ವಾದಕರ ಹೆಸರುಗಳನ್ನು ದಾಖಲಿಸಬೇಕು. ಬರುವ ಹಣದ ಪಾಲನ್ನು ಮೊದಲೇ ಬರೆದಿಡಬೇಕು. ಸ್ವರಸಂಯೋಜಕರನ್ನು ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯಲ್ಲಿ ಸದಸ್ಯರನ್ನಾಗಿಸಲು ನೆರವಾಗಬೇಕು. ದಾನಿಗಳು ಸಭಾಭವನಕ್ಕೆ ಕೊಡುವಂತೆ ಈ ಕಾರ್ಯಕ್ಕೂ ಕೈನೀಡಿದರೆ ಅದು ಸಾರ್ಥಕ ದಾನವಾದೀತು.

ಗಾಯಕರೆಲ್ಲರೂ ಸಿರಿವಂತರಾಗಲೆಂಬುದು ಇಲ್ಲಿಯ ಬೇಡಿಕೆಯಲ್ಲ. ಗಂಜಿನ ರೈತನಿಗೆ ದೊರೆಯುವ ಚೀಟಿಯಷ್ಟಾದರೂ ಹಾಡುವವನ ಕೈಗೆ ಬರಲಿ, ಕೇಳುಗನು ಕೊಟ್ಟ ಹಣ ಅವನು ಕೇಳಿದ ಕೊರಳಿಗೇ ಸೇರಲಿ ಎಂಬುದಿಷ್ಟೆ. ಕಾಯಕವನ್ನು ಪೂಜ್ಯವೆಂದು ಬೋಧಿಸುವ ಸಮಾಜವು ಈ ಬೇಡಿಕೆಗೆ ಮೊದಲು ದನಿಗೂಡಿಸುವುದು ಉಚಿತವಾಗಿದೆ.